ಛತ್ರದವನ ಪಾರ್ಟು

ಅಪ್ಪಾ,

ನೀನಿದ್ದಾಗ ಎದುರಿಗೆ ನಿಂತು ‘ನೀವು’ ಅಂತಿದ್ದೆ. ಈಗ ‘ನೀನು’ ಅಂತಿದೀನಿ. ತಪ್ಪು ತಿಳ್ಕೊಂಡ್ರೆ ತಿಳ್ಕೋ. ನಿನ್ನ ಮಣ್ಣು ಮಾಡಿ ಆರು ವರ್ಷ ಆಯ್ತು, ಇನ್ನೂ ಹೆದರ್ಕೊಂಡು ಮಾತಾಡಕ್ಕೆ ಆಗಲ್ಲ ನನ್ ಕೈಲಿ. ಬರಿಯಕ್ಕೆ ಕೂತ್ರೆ ನಿನ್ನ ಹಾಗೆ ದುಂಡಗೆ ಅಕ್ಷರ ಬರಲ್ಲ, ಅದಕ್ಕೆ ಫೋನ್ ಹಿಡ್ಕೊಂಡು ಮಾತಾಡ್ತಿದೀನಿ. ಅಂಬ್ಲಿಗೊಳ ಡ್ಯಾಮಿನ ಏರಿ ಪಕ್ಕ ಬೈಕ್ ನಿಲ್ಸಿದೀನಿ. ಯಾರದೋ ಪಂಪ್‌ಸೆಟ್ ಮೋಟರ್ ಸುಟ್ಟಿದೆ ಅಂತ ಹೊರಟಿದ್ದೆ. ಸುಟ್ಟಿರೋದು ಇನ್ನೊಂದು ಗಂಟೆ ಸುಟ್ಟೇ ಇರ್ಲಿ ಬಿಡು. ಮೊದ್ಲು ನಿನಗೊಂದು ಸುದ್ದಿ. ನಿನ್ನ ಕ್ರಿಸ್ಮಸ್ ನಾಟಕದಲ್ಲಿ ಆ ಛತ್ರದವನು ಇದಾನಲ್ಲ, ಬಸುರಿ ಮರಿಯಳನ್ನ ಬಾಗಿಲಿಂದ ಅಟ್ಟೋನು, ಅವನು ಇರಲೇ ಇಲ್ಲವಂತೆ ಕಣಪ್ಪ.

ಆ ಪಾರ್ಟು ನೀನು ನನಗೆ ಮೊದಲ ಸಲ ಕೊಟ್ಟಾಗ ನಾನು ಒಂಬತ್ತನೇ ಕ್ಲಾಸು. ದನಿ ಒಡೆದು ಕಪ್ಪೆ ಹಾಗೆ ಆಗಿತ್ತು. “ಇವನನ್ನ ದೇವದೂತ ಮಾಡಕ್ಕಾಗಲ್ಲ, ಛತ್ರದವನನ್ನ ಮಾಡಣ” ಅಂದೆ, ಎಲ್ಲರೂ ನಕ್ಕರು. ಟೀವಿ ಪೆಟ್ಟಿಗೆಯ ರಟ್ಟಿನ ಬಾಗಿಲು. ತಲೆಗೆ ಅಮ್ಮನ ಹಸಿರು ಸೀರೆ ಪೇಟ. ಮೂಗಿನ ಕೆಳಗೆ ಮಸಿ ಮೀಸೆ. ಇರೋದು ಒಂದೇ ಮಾತು, “ಇಲ್ಲಿ ಜಾಗ ಇಲ್ಲ, ಮುಂದಕ್ಕೆ ಹೋಗಿ!” ಅಂತ. ಆ ಒಂದು ಮಾತಿಗೆ ನೀನು ಹದಿನೈದು ದಿನ ತಾಲೀಮು ಮಾಡಿಸ್ತಿದ್ದೆ. “ಏನೋ ಅದು, ಹಾಲು ಕೇಳಕ್ಕೆ ಬಂದೋನ ಹಾಗೆ! ಗಟ್ಟಿಯಾಗಿ ಹೇಳು. ಕಡೇ ಬೆಂಚಿನವರಿಗೂ ಕೇಳ್ಬೇಕು. ಮುಖದಲ್ಲಿ ಕನಿಕರ ಕಾಣಬಾರದು.” ಹೇಳ್ದೆ. ನಾನು ಚೆನ್ನಾಗೇ ಹೇಳ್ದೆ. ಮುದುಕಿಯರು ಕೂತಲ್ಲಿಂದಲೇ “ಹಾಳಾಗೋಗ, ಬಸುರಿ ಹೆಂಗಸಪ್ಪ ಅದು!” ಅಂತ ಬೈತಿದ್ರು. ಆಮೇಲೆ ಚರ್ಚಿನ ಸಭೆಯವರಿಗೆಲ್ಲ ನಾನು ಛತ್ರದ ಸಾಮು. ನನ್ನ ಮದುವೆ ದಿನ ಕೂಡ ಯಾರೋ ಕೇಳಿದ್ರು, “ಹೊಸ ಹೆಣ್ಣಿಗಾದ್ರೂ ಜಾಗ ಇದೆಯೇನಪ್ಪ ಛತ್ರದಲ್ಲಿ?” ಮೂವತ್ತೈದು ಕ್ರಿಸ್ಮಸ್ ಆಡಿದೀನಿ ಅಪ್ಪ ಆ ಪಾರ್ಟನ್ನ. ಈಗ ಮೀಸೆಗೆ ಮಸಿ ಬೇಡ, ಡೈ ಸಾಕು.

ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ, ಹೊಸದಾಗಿ ಬಂದ ಪಾಸ್ಟರು ಬೈಬಲ್ ಕ್ಲಾಸ್ ಇಟ್ಕೊಂಡಿದ್ರು. ಚಿಕ್ಕ ವಯಸ್ಸು, ನಿನ್ನ ಕಣ್ಣಿಗೆ ಬಿದ್ದಿದ್ರೆ “ಮೀಸೆ ಬಂದಿಲ್ಲ, ಬೋಧನೆ ಬಂತು” ಅಂತಿದ್ದೆ. ಅವರು ಬೋರ್ಡ್ ಮೇಲೆ ಒಂದು ಮನೆ ಬರೆದ್ರು. ಯೇಸು ಹುಟ್ಟಿದ ಕಾಲದಲ್ಲಿ ಯೆಹೂದ್ಯರ ಹಳ್ಳಿ ಮನೆ ಹೀಗಿತ್ತು ಅಂತ. ಒಂದೇ ದೊಡ್ಡ ಕೋಣೆ. ಬಾಗಿಲ ಹತ್ರ ಸ್ವಲ್ಪ ತಗ್ಗು, ಅಲ್ಲಿ ಸಂಜೆ ಆದ್ಮೇಲೆ ಹಸು, ಕತ್ತೆ, ಒಂದೆರಡು ಕುರಿ ಕಟ್ತಾರೆ. ತಗ್ಗಿನಿಂದ ಮೇಲಕ್ಕೆ ಕಟ್ಟೆ, ಅಲ್ಲಿ ಮನೆಯವರು ಅಡುಗೆ, ಊಟ, ನಿದ್ದೆ ಎಲ್ಲ. ಕಟ್ಟೆ ಅಂಚಿಗೆ ಮೇವು ಹಾಕೋ ಗೋದಲಿ. ಪಕ್ಕಕ್ಕೋ ಮಾಳಿಗೆ ಮೇಲೋ ನೆಂಟರಿಗೆ ಅಂತ ಇನ್ನೊಂದು ಸಣ್ಣ ಕೋಣೆ. ಬೈಬಲಲ್ಲಿ ಲೂಕ ಹೇಳಿದ್ದು ಆ ಕೋಣೆ ವಿಷಯ, ದುಡ್ಡು ಕೊಟ್ಟು ತಂಗೋ ಛತ್ರದ ವಿಷಯ ಅಲ್ಲ ಅಂದ್ರು. ನೆಂಟರ ಕೋಣೆ ತುಂಬಿತ್ತು, ಅದಕ್ಕೆ ಯೋಸೇಫ ಮರಿಯ ಗಂಡ ಹೆಂಡತಿಯನ್ನ ಮನೆಯವರು ತಾವಿರೋ ಕೋಣೆಗೇ ಕರ್ಕೊಂಡ್ರು. ಮಗು ಹುಟ್ಟಿತು, ಬೆಚ್ಚಗಿರ್ಲಿ ಅಂತ ಗೋದಲಿಯಲ್ಲಿ ಮಲಗಿಸಿದ್ರು. ಅಷ್ಟೇ. ಯಾರೂ ಯಾರನ್ನೂ ಅಟ್ಟಲಿಲ್ಲ.

ಹಿರಿಯರಲ್ಲಿ ದಾನಿಯಣ್ಣ ಇದಾರಲ್ಲ, ನಿನ್ನ ಶಿಷ್ಯ, ಅವರಿಗೆ ತಡೆಯಕ್ಕಾಗಲಿಲ್ಲ. “ಅಯ್ಯನವರೇ, ಹಂಗಾದ್ರೆ ನಮ್ಮ ನಾಟಕದ ಗತಿ?” ಅಂದ್ರು. ಪಾಸ್ಟರು ನಕ್ಕು ಹೇಳಿದ್ರು, “ಯೋಚನೆ ಮಾಡಿ ನೋಡ್ರಿ. ಯೋಸೇಫ ಬಂದಿದ್ದು ಪರ ಊರಿಗಲ್ಲ, ತನ್ನ ವಂಶದವರ ಊರಿಗೆ. ನಾನು ಇಂಥೋರ ಮಗ, ಇಂಥೋರ ಮೊಮ್ಮಗ ಅಂದ್ರೆ ಸಾಕು, ಅಲ್ಲಿ ಯಾವ ಬಾಗಿಲೂ ಮುಚ್ಚಲ್ಲ. ದಿನ ತುಂಬಿದ ಹೆಂಗಸನ್ನ ಹೊರಗೆ ನಿಲ್ಲಿಸಿದ್ರು ಅಂದ್ರೆ ಆ ಮನೆಗಲ್ಲ, ಇಡೀ ಊರಿಗೇ ಮಾನ ಹೋಗ್ತಿತ್ತು. ಅವರು ಬಂದ ದಿನವೇ ಹೆರಿಗೆ ಆಯ್ತು ಅಂತಲೂ ಲೂಕ ಬರೆದಿಲ್ಲ, ಅಲ್ಲಿದ್ದಾಗ ದಿನ ತುಂಬ್ತು ಅಂತಾನೆ. ಕುರಿ ಕಾಯೋರು ಬಂದು ಮಗು ನೋಡಿ ಖುಷಿಯಾಗಿ ವಾಪಸ್ ಹೋದ್ರಲ್ಲ. ಬಾಣಂತಿ ಬೀದಿಯಲ್ಲಿ ಬಿದ್ದಿದ್ರೆ ಹಾಗೇ ಬಿಟ್ಟು ಹೋಗ್ತಿದ್ರಾ? ‘ಏಳವ್ವ, ನಮ್ಮನೆಗೆ ಹೋಗಣ’ ಅಂತಿರಲಿಲ್ವಾ?” ದಾನಿಯಣ್ಣ ನನ್ನ ಕಡೆ ತಿರುಗಿ, “ಹೋಯ್ತಲ್ಲೋ ಸಾಮು ನಿನ್ ಪಾರ್ಟು” ಅಂದ್ರು. ಎಲ್ಲರೂ ಗೊಳ್ಳಂತ ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಯಾರಿಗೂ ಹೇಳದೆ ಬೈಕ್ ಹತ್ತಿ ಹೊರಟೆ.

ನನಗೆ ಸಿಟ್ಟು ಬಂದಿದ್ದು ಯಾಕೆ ಗೊತ್ತಾ? ನೀನು ಓದಿರಲಿಲ್ಲ ಅಂತಲ್ಲ. ಆ ಮನೆ ನೀನು ಓದಿ ತಿಳ್ಕೊಬೇಕಾಗಿರಲಿಲ್ಲ. ನೀನು ಹುಟ್ಟಿದ್ದೇ ಅಂಥ ಮನೇಲಿ. ತೊಗರ್ಸಿ ಹತ್ರ ನಿನ್ನ ಅಜ್ಜನ ಮನೆ, ಬಾಗಿಲು ದಾಟಿದ್ರೆ ಮೊದಲು ದನ, ಆಮೇಲೆ ಕಟ್ಟೆ, ಕಟ್ಟೆ ಮೇಲೆ ನೀವು ಎಂಟು ಜನ. ಚಳಿಗಾಲದಲ್ಲಿ ನಿನ್ನನ್ನ ಗೋದಲಿ ಕಡೆಗೇ ಮಲಗಿಸ್ತಿದ್ರು, ಎಮ್ಮೆ ಉಸಿರಿಗೆ ಬೆಚ್ಚಗಿರ್ತಿತ್ತು ಅಂತ ನೀನೇ ನಮಗೆ ಹೇಳ್ತಿದ್ದೆ. ಅದೇ ನೀನು ವರ್ಷ ವರ್ಷ ಲೂಕನ ಎರಡನೇ ಅಧ್ಯಾಯ ಓದಿ, ಊರ ಹೊರಗೆ ಒಂದು ಹುಲ್ಲಿನ ಗುಡಿಸಲು ಅಂತ ಕಟ್ಟಿಸ್ತಿದ್ದೆ. ಯಾವ ದೇಶದ್ದೋ ಗ್ರೀಟಿಂಗ್ ಕಾರ್ಡ್ ನೋಡ್ಕೊಂಡು! ಗುಡಿಸಲ ಮೇಲೆ ಹತ್ತಿ ಅಂಟಿಸಿ ಹಿಮ ಅಂತಿದ್ವಿ. ಶಿಕಾರಿಪುರದಲ್ಲಿ ಹಿಮ! ಈ ಸೀಮೆಯವರಾಗಿ ನಾವು ಆ ಕತೆ ತಪ್ಪು ತಿಳ್ಕೊಂಡ್ವಲ್ಲ ಅಪ್ಪ. ಮನುಷ್ಯರು, ದನ ಒಂದೇ ಸೂರಲ್ಲಿ ಮಲಗೋದು ನಮಗೆ ಗೊತ್ತಿಲ್ಲದಿದ್ರೆ ಇನ್ಯಾರಿಗೆ ಗೊತ್ತಿರ್ಬೇಕು? ನಿನ್ನ ಮನೆಯನ್ನೇ ನೀನು ಗುರುತು ಹಿಡೀಲಿಲ್ಲ. ನಿನಗೆ ಬಾಗಿಲು ಮುಚ್ಚೋನೇ ಬೇಕಾಗಿತ್ತು. ಅವನಿಲ್ಲದೆ ನಿನ್ನ ಪ್ರಸಂಗ ಮುಂದಕ್ಕೆ ಹೋಗ್ತಿರಲಿಲ್ಲ.

ಸರಿ, ಈಗ ಆ ದಿನಕ್ಕೆ ಬರ್ತೀನಿ. ನಾನೂ ನೀನೂ ಇಷ್ಟು ವರ್ಷ ಒಂದೇ ಮನೇಲಿದ್ದು ಬಾಯಿ ಬಿಡದ ದಿನ. ಡಿಸೆಂಬರ್, ನಾಲ್ಕು ಗಂಟೆ ಬಿಸಿಲು. ನನಗೆ ಇಪ್ಪತ್ತಮೂರು, ಪಮ್ಮಿಗೆ ಇಪ್ಪತ್ತು. ನನ್ನ ಒಬ್ಬಳೇ ತಂಗಿ, ನಿನ್ನ ಒಬ್ಬಳೇ ಮಗಳು. ಹಿಂದಿನ ವರ್ಷ ಜಡೆ ಊರಿನ ಮಲ್ಲೇಶಿ, ಟೆಂಪೋ ಓಡಿಸೋ ಹುಡುಗ, ಅವನ ಜೊತೆ ಸೊರಬದಲ್ಲಿ ರಿಜಿಸ್ಟರ್ ಮದುವೆ ಆಗಿದ್ಲು. ಚರ್ಚಿಲ್ಲ, ಆಶೀರ್ವಾದ ಇಲ್ಲ. “ಚರ್ಚಲ್ಲಿ ಬೋಧನೆ ಮಾಡೋ ಉಪದೇಶಿ ಮಗಳೇ ಹೀಗೆ ಮಾಡಿದ್ರೆ ನಾನು ಸಭೆ ಮುಂದೆ ಹೇಗೆ ನಿಲ್ಲಲಿ” ಅಂತ ನೀನು ಅವಳ ಹೆಸರು ಎತ್ತೋದು ಬಿಟ್ಟೆ. ಆದ್ರೆ ಚೊಚ್ಚಲ ಹೆರಿಗೆ ತವರಲ್ಲಲ್ವಾ? ಯಾವ ಜಾತಿ, ಯಾವ ಮತ ಆದ್ರೂ ನಮ್ಮ ಕಡೆ ಅದು ತಪ್ಪಲ್ಲ. ಅಮ್ಮ ನಿನಗೆ ಗೊತ್ತಾಗದ ಹಾಗೆ ಬಸ್ಸಿನವರ ಕೈಲಿ ಹೇಳಿ ಕಳಿಸಿದ್ಲು, ಬಾ ಅಂತ. ಹಸಿರು ಸೀರೆ ಹರಿದು, ಮಗುಗೆ ಸುತ್ತೋ ಬಟ್ಟೆ ಮಾಡಿ, ಒಗೆದು ಮಡಚಿ ಗಂಟು ಕಟ್ಟಿಟ್ಟಿದ್ಲು. ಆ ವರ್ಷ ನನ್ನ ಪೇಟಕ್ಕೆ ಸೀರೆ ಸಿಗಲಿಲ್ಲ, ನೀನು ಯಾಕೆ ಅಂತ ಕೇಳಲಿಲ್ಲ.

ಬಾಗಿಲು ಬಡಿದ ಸದ್ದಾಯ್ತು. ನಾನು ಹೋದೆ. ಅಮ್ಮ ಅಡುಗೆ ಮನೆಯಿಂದ ಓಡಿ ಬಂದು ಆ ಗಂಟು ನನ್ನ ಕೈಗೆ ತುರುಕಿ, ನಿನ್ನ ಮುಖ ನೋಡಿ, ವಾಪಸ್ ಹೋದ್ಲು. ಪಮ್ಮಿ ನಿಂತಿದ್ಲು. ಒಂದು ಕೈಯಲ್ಲಿ ವೈರ್ ಬ್ಯಾಗು, ಇನ್ನೊಂದು ಕೈ ಸೊಂಟದ ಮೇಲೆ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. “ಅಣ್ಣ, ಅಮ್ಮ ಬಾ ಅಂದಿದ್ಲು” ಅಂದ್ಲು. ನೀನು ಒಳಗೆ ಮೇಜಿನ ಮುಂದೆ ಕೂತು, ನಾಲಿಗೆ ತುದಿ ಹೊರಗೆ ಹಾಕ್ಕೊಂಡು, ನಾಟಕದ ಪಾರ್ಟುಗಳನ್ನ ಬರೀತಿದ್ದೆ. ತಲೆ ಎತ್ತಲಿಲ್ಲ. “ಸಾಮು, ಯಾರೋ ಬಂದಂಗಿದೆ. ಜಾಗ ಇಲ್ಲ ಅನ್ನು” ಅಂದೆ. ಯಾರೋ! ನನ್ನ ಸ್ವಂತ ಮಾತಲ್ಲಿ ಅದನ್ನ ಹೇಳಕ್ಕೆ ನನಗೆ ಬರಲಿಲ್ಲ ಅಪ್ಪ. ಬಾಯಿಪಾಠ ಇದ್ದಿದ್ದು ಒಂದೇ. ಅದೇ ಬಂತು. ಅದೇ ದನಿಯಲ್ಲಿ. “ಇಲ್ಲಿ ಜಾಗ ಇಲ್ಲ, ಮುಂದಕ್ಕೆ ಹೋಗಿ.” ತಂಗಿಗೆ ‘ಹೋಗಿ’ ಅಂದೆ.

ಮೊದಲು ನಕ್ಕಳು. ಅದನ್ನ ನೀನು ನೋಡಲಿಲ್ಲ. ನಾಟಕದ ತಾಲೀಮು ನಡೀತಿದೆ, ಅಣ್ಣ ಚೇಷ್ಟೆ ಮಾಡ್ತಿದಾನೆ ಅಂತ ತಿಳ್ಕೊಂಡು ನಕ್ಕಳು. ಒಂದು ಕಾಲು ಹೊಸ್ತಿಲೊಳಗೆ ಇಟ್ಟೂ ಬಿಟ್ಲು. ಆಮೇಲೆ ನನ್ನ ಮುಖ ನೋಡಿದ್ಲು. ಕನಿಕರ ಕಾಣಬಾರದು ಅಂತ ನೀನು ತಿದ್ದಿ ತೀಡಿದ ಮುಖ. ಕಾಲು ಹಿಂದಕ್ಕೆ ತಗೊಂಡ್ಲು. ಬಸ್‌ಸ್ಟ್ಯಾಂಡ್ ಕಡೆ ಹೊರಟ್ಲು, ಒಂದ್ಸಲಾನೂ ತಿರುಗಿ ನೋಡಲಿಲ್ಲ. ಗಂಟು ನನ್ನ ಕೈಯಲ್ಲೇ ಇತ್ತು. ಅದನ್ನಾದ್ರೂ ಕೊಡಬಹುದಿತ್ತಲ್ಲ? ಓಡಿ ಹೋಗಿ, ರಸ್ತೆ ತಿರುವಿನಲ್ಲಿ, ನೀನು ಕಾಣದ ಕಡೆ... ಹೋಗಲಿಲ್ಲ. ಆ ಕ್ರಿಸ್ಮಸ್‌ಗೆ ಪೇಟದ ಬದಲು ಟವೆಲ್ ಸುತ್ಕೊಂಡು ನಾಟಕ ಆಡಿದೆ. ಎಲ್ಲಾ ವರ್ಷಕ್ಕಿಂತ ಆ ವರ್ಷ ಚೆನ್ನಾಗಿ ಮಾಡ್ದೆ ಅಂತ ನೀನು ಬೆನ್ನು ತಟ್ಟಿದೆ. ಮೂರು ವರ್ಷಕ್ಕೆ ಅಮ್ಮ ಹೋದ್ಲು. ಮಣ್ಣಿಗೆ ಪಮ್ಮಿ ಬಂದಿದ್ಲು, ಸ್ಮಶಾನದ ಗೇಟ್ ಆಚೆನೇ ನಿಂತು ನೋಡಿ ಹೋದ್ಲು. ಮಗು ಎಲ್ಲಿ ಹುಟ್ತು, ಹೇಗೆ ಹುಟ್ತು ಅಂತ ನೀನು ಕೇಳಲಿಲ್ಲ. ಸಾಯೋವರೆಗೂ ಕೇಳಲಿಲ್ಲ. ನಾನು ಮಾತ್ರ ಕೇಳಿದ್ನಾ?

ಕ್ಲಾಸ್ ಆದ ಮುಂದಿನ ವಾರ ಜಡೆಗೆ ಹೋದೆ. ಅಮ್ಮನ ಟ್ರಂಕಿನಿಂದ ಆ ಗಂಟು ತೆಗೆದು ಬೈಕಿನ ಟೂಲ್ ಬ್ಯಾಗಿಗೆ ಹಾಕ್ಕೊಂಡೆ. ಪಮ್ಮಿ ಅಂಗಳದಲ್ಲಿ ಭತ್ತ ಹರಡ್ತಿದ್ಲು. ಕೂದಲು ಅರ್ಧ ಬೆಳ್ಳಗಾಗಿದೆ ಅಪ್ಪ, ಥೇಟ್ ಅಮ್ಮ. “ಏನು, ಮೋಟರ್ ರಿಪೇರಿಗೆ ಬಂದ್ಯಾ? ನಮ್ದು ಸರಿಯಾಗಿದೆ” ಅಂದ್ಲು. ನಾನು ಗಂಟು ಕೊಟ್ಟೆ. ಬಿಚ್ಚಿದ್ಲು. ನುಸಿಗುಳಿಗೆ ವಾಸನೆ ಗಪ್ಪಂತ ಬಂತು. ಹಸಿರು ಅಂಚು ನೋಡಿದ ತಕ್ಷಣ ಗುರುತು ಸಿಕ್ತು ಅವಳಿಗೆ. ಮುಖಕ್ಕೆ ಒತ್ಕೊಂಡ್ಲು, ಅಳಲಿಲ್ಲ. “ಈಗ ಡೈಪರ್ ಕಾಲ ಕಣೋ ಅಣ್ಣ” ಅಂದ್ಲು. ಬಟ್ಟೆ ಮಡಚ್ತಾ, “ಅವತ್ತು ಇದೊಂದು ಇದ್ದಿದ್ರೆ ಸಾಕಿತ್ತು” ಅಂದ್ಲು.

ಅವತ್ತು ಅವಳು ಹತ್ತಿದ ಬಸ್ಸು ತೊಗರ್ಸಿ ಮುಟ್ಟೋ ಹೊತ್ತಿಗೆ ನೋವು ಶುರುವಾಯ್ತಂತೆ. ಕಂಡಕ್ಟರು ಇಳಿಸಿ, ರಸ್ತೆ ಬದಿಯ ಮೊದಲ ಮನೆ ಬಾಗಿಲು ಬಡಿದ್ರಂತೆ. ನೀಲವ್ವ ಅಂತ, ಲಿಂಗಾಯತರ ಮನೆಯಾಕೆ. ಮಾರನೇ ದಿನ ಅವರ ಮನೇಲಿ ಮದುವೆ, ಕೋಣೆ ತುಂಬ ನೆಂಟರು, ಕಾಲಿಡಕ್ಕೆ ತೆರಪಿಲ್ಲ. ಆಕೆ ಹೊರಗೆ ಬಂದು ನೋಡಿದ್ಲಂತೆ. ಯಾರ ಮಗಳು, ಯಾವ ಊರು, ಒಂದೂ ಕೇಳಲಿಲ್ಲವಂತೆ. “ಬಾರವ್ವ ಒಳಗ. ಕ್ವಾಣಿ ತುಂಬ ಬೀಗರು ಅದಾರ, ಇಲ್ಲೇ ದನದ ಕಡೆ ಬಾ, ಬೆಚ್ಚಗೈತಿ” ಅಂದು, ಎರಡು ಎತ್ತು ಬಿಚ್ಚಿ ಹೊರಗೆ ಕಟ್ಟಿಸಿ, ಕಟ್ಟೆ ಮೇಲೆ ಮಲಗಿಸಿದ್ಲಂತೆ. ಬೆಳಕು ಹರಿಯೋ ಮುಂಚೆ ಮಗು ಆಯ್ತು. ಸುತ್ತಕ್ಕೆ ಬಟ್ಟೆ ಇಲ್ಲ. ನೀಲವ್ವ ತಾನುಟ್ಟ ಸೀರೆ ಸೆರಗನ್ನೇ ಹರಿದ್ಲು. ನೆಲ ಥಂಡಿ, ಮನೆ ತುಂಬ ಓಡಾಡೋ ಜನ, ಕಾಲಡಿ ಸಿಕ್ಕೀತು ಅಂತ ಹೊಸ ಹುಲ್ಲು ಹಾಸಿ ಮಗುನ ಗೋದಲಿಯಲ್ಲಿ ಮಲಗಿಸಿದ್ಲು. “ನಿನ್ನ ನಾಟಕ ನೆನಪಾಯ್ತು ಕಣೋ” ಅಂದ್ಲು ಪಮ್ಮಿ. “ಆದ್ರೆ ನಿಮ್ಮ ನಾಟಕದಲ್ಲಿ ನೀಲವ್ವ ಇಲ್ಲ.”

ಆಮೇಲೆ ಎಷ್ಟೋ ಸಲ ಪಮ್ಮಿ ಆ ಮನೆಗೆ ಹೋಗಿ ಬಂದಳಂತೆ. ನಿಮ್ಮ ಉಪಕಾರ ಮರೆಯಲ್ಲ ಅಂದ್ರೆ ನೀಲವ್ವ ಬೈತಿದ್ಲಂತೆ: “ಉಪಕಾರ ಏನು ಬಂತು? ಬಸುರಿ ಹೆಣ್ಮಗಳನ್ನ ಬಾಗಲದಾಗ ನಿಲ್ಲಿಸಾಕ ಬರ್ತೈತೇನು?” ಆಕೆ ಬೈಬಲ್ ಮುಟ್ಟಿದವಳಲ್ಲ ಅಪ್ಪ. ದಿನಾ ಮಲ್ಲಿಕಾರ್ಜುನನ ಗುಡಿಗೆ ಹೋಗಿ ಬರ್ತಿದ್ದ ಹೆಂಗಸು. ಆ ಕತೆ ಆಕೆಗೆ ಗೊತ್ತಿರಲಿಲ್ಲ, ನಡೆಸಿಬಿಟ್ಲು. ನಾವಿಬ್ಬರೂ ಅದನ್ನ ಬಾಯಿಪಾಠ ಮಾಡಿದ್ವಿ.

ನಾನು ಕ್ಷಮೆ ಕೇಳ್ದೆ. ಕೇಳೋದರಲ್ಲೂ ನನ್ನ ಬುದ್ಧಿ ನೋಡು, “ಅಪ್ಪ ಹೇಳಿದ್ರು ಪಮ್ಮಿ, ನಾನೇನು ಮಾಡ್ಲಿ” ಅಂದೆ. ಅವಳು ಭತ್ತ ಹರಡೋದು ನಿಲ್ಲಿಸಿದ್ಲು. “ಅಪ್ಪ ಒಳಗಿದ್ರು. ಬಾಗಿಲಲ್ಲಿ ನಿಂತಿದ್ದು ನೀನು” ಅಂದ್ಲು. ನಿನ್ನ ಮೇಲೆ ನಾನು ಇಷ್ಟು ಹೊತ್ತು ಸಿಟ್ಟು ಕಾರ್ತಿದೀನಲ್ಲ, ಅದರಲ್ಲಿ ಅರ್ಧ ನನ್ನದು. ನಿನ್ನ ಪಾಲಿನದು ನಿನಗೆ ಇರ್ಲಿ, ಅದನ್ನೇನು ನಾನು ಬಿಡಲ್ಲ. ಕಡೇ ವಾರ ಆಸ್ಪತ್ರೇಲಿ ನೀನು ಬಾಗಿಲ ಕಡೆನೇ ನೋಡ್ತಿದ್ದೆ. ನರ್ಸ್ ಬಂದ್ರೂ ಕತ್ತು ಎತ್ತುತಿದ್ದೆ. ಯಾರಿಗೆ ಕಾಯ್ತಿದ್ದೆ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ನೀನು ಅವಳ ಹೆಸರು ಹೇಳ್ತಿದ್ದೆಯೇನೋ. ಹೇಳಿದ್ರೆ ನಾನು ಜಡೆಗೆ ಹೋಗ್ಬೇಕಾಗ್ತಿತ್ತು. ಅದಕ್ಕೇ...

ಹೊರಡೋವಾಗ, ಈ ಸಲ ಕ್ರಿಸ್ಮಸ್‌ಗೆ ಬಾ ಅಂದೆ. “ಕರಿಬೇಡ” ಅಂದ್ಲು. “ಆ ಮಾತು ಗಟ್ಟಿಯಾಗಿ ಹೇಳಿದೆ ನೀನು, ಅಕ್ಕಪಕ್ಕದವರೆಲ್ಲ ಕೇಳಿಸ್ಕೊಂಡ್ರು. ಅಷ್ಟೇ ಗಟ್ಟಿಯಾಗಿ ಸಭೆ ಮುಂದೆ ವಾಪಸ್ ತಗೋ. ಯಾರಿಗೆ ಹೇಳಿದ್ದು, ಯಾರು ಹೇಳಿದ್ದು, ಒಳಗೆ ಯಾರು ಕೂತಿದ್ರು, ಎಲ್ಲ. ಆಮೇಲೆ ನೋಡಣ.” ಹಿರಿಯರ ಮೀಟಿಂಗಿನಲ್ಲಿ ನಾಟಕ ಬದಲಾಯಿಸಣ ಅಂತ ಬಾಯಿ ತೆಗೆದೆ. ದಾನಿಯಣ್ಣ ಒಪ್ಪಲಿಲ್ಲ. “ಉಪದೇಶಿಗಳು ಬರೆದಿದ್ದು, ಒಂದಕ್ಷರ ಆಚೀಚೆ ಆಗಕೂಡದು. ಈ ವರ್ಷ ಅವರ ಫೋಟೋ ಬೇರೆ ಹಾಕ್ತಿದೀವಿ ಚರ್ಚ್ ಹಾಲ್‌ನಲ್ಲಿ. ನೀನೇ ಆ ಪಾರ್ಟು ಮಾಡ್ಬೇಕು” ಅಂದ್ರು. ಆಯ್ತು ಅಂದೆ. ಜಡೆಗೆ ಫೋನ್ ಮಾಡಿ ಪಮ್ಮಿಗೆ ಹೇಳ್ದೆ, ಬರೋ ಭಾನುವಾರ ಸಂಜೆ ನಾಟಕ ಅಂತ. “ಬರ್ತೀನಿ. ಒಳಗೆ ಕೂರಲ್ಲ. ಬಾಗಿಲಲ್ಲಿ ನಿಂತು ಕೇಳ್ತೀನಿ” ಅಂದ್ಲು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಆ ಮಗು ಹೆಸರು ನೀಲ. ಸೊರಬದಲ್ಲಿ ಟೀಚರ್. ಬೋರ್ಡ್ ಮೇಲೆ ಬರೆಯೋವಾಗ ನಾಲಿಗೆ ತುದಿ ಹೊರಗೆ ಹಾಕ್ತಾಳಂತೆ. ಯಾರ ಹಾಗೆ ಅಂತ ಪಮ್ಮಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳೂ ಬರ್ತಾಳೆ, ಅಮ್ಮನ ಜೊತೆ.

ಭಾನುವಾರ ಯೋಸೇಫ ಬಂದು ರಟ್ಟಿನ ಬಾಗಿಲು ಬಡೀತಾನೆ. ನಾನು ಪೇಟ ತೆಗೆದು ಕೈಯಲ್ಲಿ ಹಿಡ್ಕೊಂಡು ಬಾಗಿಲಿಂದ ಈಚೆ ಬರ್ತೀನಿ. ಗೋಡೆ ಮೇಲೆ ನಿನ್ನ ಫೋಟೋ ಇರತ್ತೆ, ನೀನೂ ಕೇಳಿಸ್ಕೋ. ಛತ್ರದವನು ಅಂತ ಯಾರೂ ಇರಲಿಲ್ಲ, ಇದ್ದಿದ್ದು ಒಬ್ಬ ಅಣ್ಣ, ಒಬ್ಬ ಅಪ್ಪ ಅಂತ ಶುರು ಮಾಡ್ತೀನಿ. ದನಿ ನಡುಗಕ್ಕೆ ಬಿಡಲ್ಲ. ನೀನೇ ಕಲಿಸಿದ್ದಲ್ವಾ, ಕಡೇ ಬೆಂಚಿನವರಿಗೂ ಕೇಳ್ಬೇಕು ಅಂತ? ಈ ಸಲ ಕಡೇ ಬೆಂಚಿಗೆ ಕೇಳಿದ್ರೆ ಸಾಲದು ಅಪ್ಪ. ಪಮ್ಮಿ ಅದಕ್ಕಿಂತ ಹಿಂದೆ ನಿಂತಿರ್ತಾಳೆ.

ಸಾಮು